ಒತ್ವ

ಮೂವತ್ತೊಂದು ಉತ್ತರಪತ್ರಿಕೆ, ಒಂದು ಕೆಂಪು ಪೆನ್ನು,
ತಿತಿಮತಿ ಶಾಲೆಯ ಎರಡನೇ ತರಗತಿ ಕೋಣೆ.
ದೊಡ್ಡವರ ಮೊಣಕಾಲಿಗೆ ಬೆಂಚು ಸಾಲದೆ
ಅರ್ಧ ಜನ ನೆಲದಲ್ಲೇ ಕೂತು ಬರೆದಿದ್ದರು.
ಈಗ ಸಂಜೆ. ಹಾಳೆಗಳಿಂದ ಕರಿಮೆಣಸಿನ ಘಾಟು.
ಕೊಯ್ಲಿನ ನಡುವೆ ಪರೀಕ್ಷೆ ಇಟ್ಟವರಿಗೆ
ಈ ಬೆರಳುಗಳ ಪರಿಚಯ ಇದ್ದಂತಿಲ್ಲ:
ಪ್ರತಿ ಪುಟದ ಅಂಚಿಗೂ ಒಂದು ಕಪ್ಪು ಗುರುತು,
ಹೆಬ್ಬೆಟ್ಟು ಬಿಡಿಸಲೆಂದೇ ನಡೆಸಿದ ತರಗತಿಯ
ಹೆಬ್ಬೆಟ್ಟುಗಳು.

ನೋಂದಣಿ ಸಂಖ್ಯೆ ಹದಿನೇಳು, ಬೊಳ್ಳಿ.
ಹಾಜರಾದ ವೇಳೆ ಹನ್ನೊಂದೂಕಾಲು.
ತಡದ ಕಾರಣ, ನಾನೇ ಬರೆದದ್ದು: ಆನೆ.
ಲೈನ್ ಮನೆ ಎದುರಿನ ಹಲಸಿನ ಬುಡದಿಂದ
ಅದು ಹೊರಡಲೆಂದು ಕಾದು ಕಾದು
ಹಿಂಬದಿಯ ತೋಡು ದಾಟಿ ಬಂದಿದ್ದಳು.
ಸೀರೆ ಮಂಡಿಯವರೆಗೆ ಒದ್ದೆ,
ಪೆನ್ಸಿಲ್ ಮಾತ್ರ ತುರುಬಿನಲ್ಲಿ ಒಣಗೇ ಇತ್ತು.

ಲೆಕ್ಕದಲ್ಲಿ ತಪ್ಪಿಲ್ಲ.
ಕಿಲೋಗೆ ಇಷ್ಟಾದರೆ ಮೂವತ್ತೆಂಟು ಕಿಲೋಗೆ ಎಷ್ಟು?
ಉತ್ತರ ಇದೆ, ದಾರಿ ಇಲ್ಲ.
ಸೂಚನೆ ಹೇಳುತ್ತದೆ: ಹಂತಗಳಿಗೆ ಎರಡು ಅಂಕ.
ಅವಳ ಹಂತಗಳೆಲ್ಲ ಒಂಟಿಬಿದಿರಿನ ಏಣಿಯಲ್ಲಿವೆ,
ಇಪ್ಪತ್ತು ವರ್ಷ ರೈಟರ್ ಪೂವಯ್ಯನ ಪುಸ್ತಕದೆದುರು
ತುಟಿ ಅಲ್ಲಾಡಿಸದೆ ಗುಣಿಸಿ, ಕೂಡಿಸಿ,
ಅವನು ಹೇಳಿದ ಮೊತ್ತಕ್ಕೇ ತಲೆಯಾಡಿಸಿದ ರೂಢಿಯಲ್ಲಿವೆ.
ಎರಡರಲ್ಲಿ ಒಂದು ಕೊಟ್ಟೆ.
ಪೂವಯ್ಯನ ನೆನಪಾಯಿತು, ಕೊಡುವಾಗ.

ಪ್ರಶ್ನೆ ಹದಿನಾಲ್ಕು. ವೇಳಾಪಟ್ಟಿ ನೋಡಿ ಉತ್ತರಿಸಿ:
ಹುಬ್ಬಳ್ಳಿಯ ರೈಲು ಎಷ್ಟು ಗಂಟೆಗೆ ಹೊರಡುತ್ತದೆ?
ಮಾದರಿ ಉತ್ತರ: ಆರು ನಲವತ್ತು.
ಬೊಳ್ಳಿ ಬರೆದದ್ದು: ನಮ್ಮಲ್ಲಿ ರೈಲು ಇಲ್ಲ.

ಇಡೀ ಜಿಲ್ಲೆಯಲ್ಲಿ ಒಂದು ಮಾರು ಹಳಿಯಿಲ್ಲ, ನಿಜ.
ನಿಜಕ್ಕೆ ಎಷ್ಟು ಅಂಕವೆಂದು ಸೂಚನೆಯಲ್ಲಿ ಹುಡುಕಿದೆ.
ಮಕ್ಕೆ ಮ ಒತ್ತು ಸರಿ, ಲಕ್ಕೆ ಲ ಒತ್ತು
ಎರಡು ಸಲವೂ ಸರಿ,
ಐತ್ವ ಸ್ವಲ್ಪ ವಾಲಿದೆ, ತೂಕ ಹೊತ್ತವರ ಹಾಗೆ.
ಕೊನೆಗೊಂದು ಚುಕ್ಕಿ, ಯಾರೂ ಕೇಳದಿದ್ದ ಪೂರ್ಣವಿರಾಮ,
ಹಾಳೆ ತೂತಾಗುವಷ್ಟು ಒತ್ತಿ.

ಪ್ರಶ್ನೆ ಇಪ್ಪತ್ತೆರಡು. ನಿಮ್ಮ ಊರಿನ ಬಗ್ಗೆ ಒಂದು ವಾಕ್ಯ ಬರೆಯಿರಿ.
ಖಾಲಿ.
ಒಮ್ಮೆ ಬರೆದಾಗಿದೆಯಲ್ಲ, ಮತ್ತೆ ಯಾಕೆ?
ಆ ಖಾಲಿ ಜಾಗದಿಂದ ಒಂದು ಕೆಂಪು ಬಾಣ ಎಳೆದೆ,
ಅಂಚು ಬಳಸಿ, ಪುಟ ಮಗುಚಿ, ಇಲ್ಲದ ರೈಲಿನವರೆಗೆ.
ಐದಕ್ಕೆ ಐದು.

ಸಂಯೋಜಕರು ಮೊಬೈಲ್ ಹಿಡಿದು ಕಾಯುತ್ತಿದ್ದರು.
"ಮೇಡಂ, ಆ್ಯಪಿನಲ್ಲಿ ಬಾಣಕ್ಕೆ ಜಾಗ ಇಲ್ಲ.
ಇಪ್ಪತ್ತೆರಡಕ್ಕೆ ಎಷ್ಟು, ಅದನ್ನು ಹೇಳಿ."
ಐದು ಎಂದೆ. ಹಾಳೆ ನೋಡಿದರು, ನನ್ನನ್ನು ನೋಡಿದರು.
ಹೊರಗೆ ಜೀಪಿನವನ ಹಾರ್ನು,
ಕತ್ತಲಾದರೆ ದಾರಿ ನಮ್ಮದಲ್ಲ.
ಐದು ಒತ್ತಿದರು
ಅಂದುಕೊಂಡಿದ್ದೇನೆ. ಪರದೆ ನನ್ನ ಕಡೆಗಿರಲಿಲ್ಲ.

ಮೇ ತಿಂಗಳಲ್ಲಿ ಪ್ರಮಾಣಪತ್ರ ಬಂತು, ನುಣುಪು ಹಾಳೆ.
ಬಸ್ ಸ್ಟ್ಯಾಂಡಿನಲ್ಲಿ ಅವಳೇ ಸಿಕ್ಕಳು,
ಕಂಕುಳಲ್ಲಿ ಒಣಮೀನಿನ ಪೊಟ್ಟಣ.
ಹೊರಟ ಬಸ್ಸನ್ನು ಬಿಟ್ಟುಕೊಟ್ಟು ಓದಲು ನಿಂತಳು.
ಉತ್ತೀರ್ಣ ಎಂಬಲ್ಲಿ ಬೆರಳು ನಿಲ್ಲಲಿಲ್ಲ,
ಮೇಲೆ ಹೋಯಿತು, ಹೆಸರಿನ ಸಾಲಿಗೆ.
ಬೆಳ್ಳಿ, ಎಂದು ಅಚ್ಚಾಗಿತ್ತು.
ಯಾರೋ ಗುಮಾಸ್ತ ಪುಸ್ತಕದ ಕನ್ನಡಕ್ಕೆ ತಿದ್ದಿದ್ದ.
ಅರ್ಥ ಒಂದೇ, ಹೊಳಪೂ ಒಂದೇ ಎಂದು
ನಾನು ಸಮಜಾಯಿಷಿ ಶುರು ಮಾಡಿದ್ದೆ.

"ಟೀಚರೇ, ಬಕ್ಕೆ ಒತ್ವ ಕೊಡಬೇಕಿತ್ತು.
ಎತ್ವ ಕೊಟ್ಟಿದ್ದಾರೆ.
ಇದು ಯಾರದ್ದು?"

ಹಾಳೆ ನನ್ನ ಕೈಗೇ ವಾಪಸು ಇಟ್ಟು
ಮುಂದಿನ ಬಸ್ಸಿನ ಬೋರ್ಡು ಓದತೊಡಗಿದಳು.