ಜೋಮು

ಗ್ರಿಮ್ಸ್‌ಬಿಯ ಆಸ್ಪತ್ರೆ, ಕೆಳಮಹಡಿ, ಕಿಟಕಿಯಿಲ್ಲದ ಕೋಣೆ.
ನರಗಳ ವೇಗ ಅಳೆಯುವುದು ನನ್ನ ಕೆಲಸ.
ಲಿನೆಟ್ ಹಾರ್ನ್‌ಸ್ಬಿ ಬಂದು ಎಡಗೈ ಚಾಚಿದಳು.
ಕೈಗಿಂತ ಮೊದಲು ಹ್ಯಾಡಕ್ ಮೀನಿನ ವಾಸನೆ.
"ನಲವತ್ತು ವರ್ಷ ನಿಂಬೆಹಣ್ಣು ಹಚ್ಚಿ ತಿಕ್ಕಿದ್ದೇನೆ. ಹೋಗಲ್ಲ."
ಎಡಚಿ. ಐಸಿನ ಮೇಲೆ ಚೂರಿ ಆಡಿಸಿದ ಕೈ,
ಥರ್ಮಾಮೀಟರು ಇಪ್ಪತ್ತಾರು ತೋರಿಸಿತು.
ತಣ್ಣಗಾದ ನರ ಸುಳ್ಳು ಹೇಳುತ್ತದೆ,
ಇರುವುದಕ್ಕಿಂತ ನಿಧಾನ ತಾನು ಅನ್ನುತ್ತದೆ.
ಬಿಸಿನೀರಿನ ಬೋಗುಣಿಯಲ್ಲಿ ಕೈ ಅದ್ದಿಸಿ ಕೂರಿಸಿದೆ.

ಕೂತಷ್ಟು ಹೊತ್ತೂ ಮಾತು.
ರಾತ್ರಿ ಮೂರಕ್ಕೆ ಎಬ್ಬಿಸುತ್ತದಂತೆ.
ಸೂಜಿ, ಗುಂಡುಪಿನ್ನು, ಸೋಡಾದ ಗುಳ್ಳೆ, ಇರುವೆ ಸಾಲು,
ಒಂದೊಂದೇ ಹೆಸರು ಎತ್ತಿ ನೋಡಿ ಕೆಳಗಿಟ್ಟಳು.
ಮಂಚದಾಚೆ ಕೈ ಇಳಿಬಿಟ್ಟು
ನೀರು ಕೊಡವಿದಂತೆ ಕೊಡವಬೇಕು.
"ಇದಕ್ಕೆ ಒಂದೇ ಒಂದು ಪದ ಇಲ್ಲವಲ್ಲ ನಮ್ಮಲ್ಲಿ."
ನಮ್ಮಲ್ಲಿದೆ, ಅಂದೆ. ಜೋಮು.
"ಜೋ... ಮೂ?"
ತುಟಿ ಮುಂದೆ ಮಾಡಿ ರುಚಿ ನೋಡಿದಳು.
"ಬಂದರಿನಲ್ಲಿ ಸಾಲ ವಸೂಲಿಗೆ ಬರುತ್ತಿದ್ದವನ
ಹೆಸರಿನ ಹಾಗಿದೆ."

ಪದ ಇದೆ ಅಂದೆನಲ್ಲ, ಎಲ್ಲದಕ್ಕೂ ಇಲ್ಲ.
ನನ್ನ ಸೋದರತ್ತೆಗೆ ಮುಂಗೈಯ ನೀಲಿ ಗೆರೆಯೂ ನರ,
ಹಿಮ್ಮಡಿಯ ಮೇಲಿನ ಹುರಿಯೂ ನರ,
ಪುರಾಣ ಕೇಳಿ ಬಂದ ಸಂಜೆ
ಮನುಷ್ಯನೂ ನರ.
ನಾನು ಓದಿ ಬೇರ್ಪಡಿಸಿಕೊಂಡೆ.
ನೀಲಿಯದು ರಕ್ತದ ದಾರಿ; ಹುರಿ, ಸ್ನಾಯುವಿನ ತುದಿ;
ನರ ಬಿಳಿ, ಒದ್ದೆ ನೂಲಿನಂತೆ, ಕೊಯ್ದರೆ ಮಾತ್ರ ಕಾಣುವಂಥದ್ದು.
ಮನುಷ್ಯನನ್ನು ಬೇರ್ಪಡಿಸಲು ಇನ್ನೂ ಆಗಿಲ್ಲ.

ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ ನೋಡಿ.
ಹೂಬತ್ತಿ ಹೊಸೆಯುತ್ತಲೇ ಇರುವ ಮುದುಕ.
ಹತ್ತಿಯಿಲ್ಲ, ದೀಪವಿಲ್ಲ, ಬೆರಳಿಗೆ ಬಿಡುವಿಲ್ಲ.
ಅರ್ಧ ಮುಖದಲ್ಲಷ್ಟೇ ನಗುವ ಬಸ್ಸಿನ ಚಾಲಕಿ,
ಟೀ ಸೋರದಂತೆ ತುಟಿಯ ಮೂಲೆ ಒತ್ತಿಹಿಡಿದು.
ಸಕ್ಕರೆ ಕಾಯಿಲೆಯವನ ಒಂದು ಚಪ್ಪಲಿ ಕಾರ್ ಪಾರ್ಕಿನಲ್ಲೇ ಕಳಚಿದೆ,
ನಾನು ಹೇಳುವ ತನಕ ಅವನ ಕಾಲಿಗೆ ಗೊತ್ತಿಲ್ಲ.
ಪಾಠದ ನಡುವೆ ಹತ್ತು ಸೆಕೆಂಡು
ಎಲ್ಲೋ ಹೋಗಿ ಬರುವ ಹುಡುಗಿಯದು ಪಕ್ಕದ ಕೋಣೆ.
ಹೋದದ್ದು ಎಲ್ಲಿಗೆಂದು ಅವಳೂ ಕೇಳುತ್ತಾಳೆ.

ಕೈ ಬೆಚ್ಚಗಾಯಿತು. ಮೂವತ್ತೆರಡು.
ಕತ್ತಿನ ಮೂಳೆಗಳ ಸಂದಿಯಿಂದ ಹೊರಟು
ಕೊರಳೆಲುಬಿನ ಕೆಳಗೆ ಜಡೆಯಾಗಿ, ಜಡೆ ಬಿಚ್ಚಿ,
ತೋಳಿನ ಒಳಮೈ ಹಿಡಿದು ಬಂದ ಈ ನರ
ಮಣಿಕಟ್ಟಿನ ಇಕ್ಕಟ್ಟಿನಲ್ಲಿ ನುಸುಳಬೇಕು.
ಅಲ್ಲಿ ಒಂಬತ್ತು ಹುರಿಗಳು ಮೊದಲೇ ಒಕ್ಕಲು.
ಅವು ಉಬ್ಬಿದರೆ ನಲುಗುವುದು ಹತ್ತನೆಯದು.

ಉಂಗುರ ಬೆರಳಲ್ಲಿ ಒಂದು ಗಡಿಯಿದೆ.
ಹೆಬ್ಬೆರಳ ಕಡೆಯ ಅರ್ಧ ಈ ನರದ್ದು,
ಕಿರುಬೆರಳ ಕಡೆಯದು ಬೇರೆಯದರ ಪಾಲು,
ಮೊಣಕೈ ಬಳಸಿ ಬರುತ್ತದಲ್ಲ, ಅದರದು.
ಹತ್ತಿಯ ಎಳೆಯಿಂದ ಸವರಿದೆ.
"ಇಲ್ಲಿ ಗೊತ್ತಾಯಿತು. ಇಲ್ಲಿ... ಮುಟ್ಟಿದೆಯಾ?"
ಕ್ಲಿಫ್ ತೊಡಿಸಿದ ಉಂಗುರ. ಅವನು ಸತ್ತು ಆರು ವರ್ಷ.
"ಅರ್ಧ ಉಂಗುರ ಕಳೆದಿದೆ ಅಂತ
ವಿಮೆಯವರಿಗೆ ಬರೆಯಲೇನೇ?"
ನಕ್ಕಳು. ನಾನೂ.

ಚುರುಕ್ ಎಂದಿತು ವಿದ್ಯುತ್ತು, ಬೆರಳು ಜಿಗಿಯಿತು.
ಪರದೆಯ ಮೇಲೆ ಎರಡು ಗುಡ್ಡ,
ಒಂದು ಹೊತ್ತಿಗೆ ಸರಿಯಾಗಿ,
ಇನ್ನೊಂದು ತಡವಾಗಿ, ಕುಳ್ಳಗೆ.
ವರದಿಯಲ್ಲಿ ಬರೆದೆ: ಒಂದೂವರೆ ಮಿಲಿಸೆಕೆಂಡು.
ಜೋಮು ಬರೆಯಲು ಅಂಕಣವಿರಲಿಲ್ಲ.

ನವೆಂಬರಿನಲ್ಲಿ ಮತ್ತೆ ಸಿಕ್ಕಳು, ಮುಂಬಾಗಿಲ ಹತ್ತಿರ,
ಹಂಬರ್ ಗಾಳಿ ಗಾಜನ್ನು ನೂಕುತ್ತಿತ್ತು.
ಅಂಗೈ ಬುಡದಲ್ಲಿ ಹೊಸ ಗೆರೆ,
ಯಾವ ಜ್ಯೋತಿಷಿಯೂ ಓದಿಲ್ಲದ್ದು.
"ನಿನ್ನ ಜೋಮು ಬಿಟ್ಟುಹೋದ ಕಣೇ."
ಒಳ್ಳೆಯದಾಯಿತಲ್ಲ, ಅಂದೆ.
"ಆಯಿತು."
ಕೈಚೀಲ ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಂಡಳು.
"ಮೂರಕ್ಕೆ ಎಚ್ಚರವೇನೋ ಆಗುತ್ತದೆ.
ಮಂಚದಾಚೆ ಕೈ ಇಳಿಬಿಟ್ಟು ಮಲಗಿರುತ್ತೇನೆ.
ಯಾರೂ ಬರುವುದಿಲ್ಲ."