ಬೊಂತೆಲ್ ತಿಂಗಳ ಎಣಿಕೆ

ಮಧ್ಯಾಹ್ನ ಮೂರಕ್ಕೆ ದಿನವೂ ಗುಡುಗು,
ಮಳೆ ಮಾತ್ರ ಮನಸ್ಸಿದ್ದರೆ.
ಕುಂಬಳೆ ಸ್ಟೇಷನ್ನಿನಾಚೆ
ಹೊಳೆ ಕಡಲಿಗೆ ಬಾಯಿ ತೆರೆಯುವಲ್ಲಿ
ನೀರಿಳಿದ ಹೊತ್ತು ನೋಡಿ ಕೆಸರಿಗಿಳಿಯುತ್ತೇನೆ,
ಕೊರಳಿಗೆ ಬೈನಾಕ್ಯುಲರ್, ಕಿಸೆಯಲ್ಲಿ
ರೇಷನ್ ಅಂಗಡಿಯದೇ ಹಳೇ ಬಿಲ್ಲು ಪುಸ್ತಕ.
ವಾರವಿಡೀ ಅಕ್ಕಿ ಅಳೆಯುವವನು
ಭಾನುವಾರ ಹಕ್ಕಿ ಅಳೆಯುತ್ತಾನೆಂದು
ಊರಲ್ಲಿ ನಗೆಯಿದೆ. ಇರಲಿ.

ಸುದ್ದಿ ಬರುವುದೆಲ್ಲ ನನ್ನ ಫೋನಿಗೆ.
ಪೊಸಡಿಗುಂಪೆಯ ಮುಳಿಹುಲ್ಲ ಮೇಲೆ
ತೂಕವನ್ನೆಲ್ಲೋ ಇಟ್ಟು ಬಂದಂತೆ ತೇಲಿದ ಸೆಳೆವ,
ಗಂಡು, ಬೂದಿಬಣ್ಣ:
ಬಾಯಾರಿನ ಮುಬೀನಾ, ಒಂಬತ್ತನೇ ತರಗತಿ.
ಮಂಜೇಶ್ವರದ ಕ್ರಾಸ್ತಾ ಮಾಸ್ತರರ ಹಿತ್ತಿಲಲ್ಲಿ
ತರಗೆಲೆ ತಿರುವಿಹಾಕುವ ನವರಂಗ;
'ಅದು ಹೊರಡುವ ತನಕ ನಮ್ಮ ಬೆಕ್ಕು
ಕೋಣೆಯೊಳಗೆ ಬಂದಿ' ಎಂದು ಅಡಿಟಿಪ್ಪಣಿ.
ಬೇಕಲದ ಅಂಬಾಡಿ ಬರೆಯುತ್ತಾನೆ, ಮಲಯಾಳದಲ್ಲಿ:
ಸಂಜೆ ಐದೂವರೆ, ಕೋಟೆಯ ಮೇಲೆ ಹೆಲಿಕಾಪ್ಟರ್ ಹುಳಗಳ ಮೋಡ,
ಬೆನ್ನಿಗೇ ಚಾಣಗಳು,
ಇಪ್ಪತ್ತೇಳರವರೆಗೆ ಎಣಿಸಿದೆ, ಆಮೇಲೆ ಮರೆತೆ.
ಆಫ್ರಿಕಾ ಮುಟ್ಟುವ ತನಕ ಅವಕ್ಕಿನ್ನು ಕೊಂಬೆಯಿಲ್ಲ.

'ಮರೆತೆ' ಎಂಬ ಸಂಖ್ಯೆಯನ್ನು
ಯಾವ ಕಾಲಮಿಗೆ ಹಾಕಲಿ?

ಮರುವಾಯಿ ಹೆಕ್ಕುವ ಚನಿಯಾರು
ಸೊಂಟಮಟ್ಟದ ನೀರಲ್ಲಿ ನಿಂತೇ ಕೂಗಿದಳು:
'ಮಾರಾಯಾ, ನೀನು ಹುಡುಕುವುದು ಅಲ್ಲಿಲ್ಲ.
ಅದು ನಿನ್ನೆ ಬಂದಿತ್ತು.'
ಕಪ್ಪು ಬಿಳುಪು. ಕೊಕ್ಕು ದಪ್ಪ, ಕತ್ತಿಯ ಹಿಡಿಯಷ್ಟು.
ಕಾಲು? ನೀಲಿ. ತುಸು ತಡೆದು, ನೀಲಿಯೂ ಅಲ್ಲ,
ಒಗೆದೊಗೆದು ಬಣ್ಣ ಹೋದ ಶಾಲೆಯ ಯೂನಿಫಾರ್ಮಿನದು.
ಏಡಿಯನ್ನು ಇಡಿಯಾಗಿ ನುಂಗಲಿಲ್ಲವಂತೆ,
ಒಂದೊಂದೇ ಕಾಲು ಕಿತ್ತು ಬದಿಗಿಟ್ಟು
ಮದುವೆಯೂಟಕ್ಕೆ ಕೂತ ದೊಡ್ಡಮನುಷ್ಯನ ಹಾಗೆ
ನಿಧಾನಕ್ಕೆ.

ಏಡಿಗೊರವ!
ಮೂವತ್ತು ವರ್ಷದಲ್ಲಿ ನಾನು ಚಿತ್ರದಲ್ಲಷ್ಟೇ ಕಂಡದ್ದು.

ಕಣ್ಣೂರಿನಿಂದ ಮೂವರು ಬಂದರು,
ತೋಳಿನಷ್ಟುದ್ದದ ಲೆನ್ಸು. ಎರಡು ಇಳಿತ ಕಾದರು.
ಉಲ್ಲಂಕಿ, ಗದ್ದೆಗೊರವ, ಕಡಲಕ್ಕಿ,
ಎಲ್ಲ ದಿನದ ಗಿರಾಕಿಗಳೇ.
'ಫೋಟೋ ಇದೆಯಾ?' ಅಂದರು. 'ಬೇರೆ ಯಾರಾದರೂ?'
ಚನಿಯಾರು ತಲೆಯ ಬುಟ್ಟಿ ಕೆಳಗಿಡಲಿಲ್ಲ.
'ಯಾನ್ ತೂಯೆ' ಅಂದಳು. ನಾನು ಕಂಡೆ.
ಅದನ್ನವಳು ಕನ್ನಡಕ್ಕೆ ತರಲಿಲ್ಲ, ಮಲಯಾಳಕ್ಕೂ;
ತರುವ ಕೆಲಸ ನನ್ನದೆಂದು ಸುಮ್ಮನಾದಳು.
ಅವರು ಸಭ್ಯರು. 'ದೃಢಪಟ್ಟಿಲ್ಲ' ಎಂದು ಗುರುತು ಹಾಕಿ
ಚಾ ಕುಡಿದು ರೈಲು ಹತ್ತಿದರು.

ನಲವತ್ತು ವರ್ಷ ಈ ಕೆಸರಿಗೆ ಬಾಗಿದವಳು,
ಚಿಪ್ಪು ಬದುಕಿದೆಯೋ ಬರಿದೋ
ಕಾಲ ಬೆರಳಲ್ಲೇ ಹೇಳುವವಳು.
ಅವಳ ಕಣ್ಣಿಗೆ ಯಾರ ಸಹಿ ಬೇಕು?
ಕಾರ್ಡಿನಲ್ಲೂ ಅವಳ ಹೆಸರು ತಪ್ಪೇ ಇದೆ, ಜಾನಕಿಯೆಂದು.
ತಿದ್ದಿಸಿರೆಂದು ಮೂರು ಸಲ ಬರೆದವನು ನಾನೇ.

ಮರುದಿನ ಅಂಗಡಿ ತೆರೆಯುವುದು ತಡವಾಯಿತು.
ಉಬ್ಬರ ಮುಟ್ಟದ ಮರಳ ದಿಬ್ಬದ ನೆತ್ತಿಗೆ
ಅವಳೇ ಕರೆದೊಯ್ದಳು.
ಹಕ್ಕಿಯಿಲ್ಲ.
ಬಿಸಿಲಿಗೆ ಕೆಂಪೇರಿದ ಏಡಿಕಾಲು, ಹನ್ನೊಂದು.
ಕಾಗೆಯ ಕೆಲಸವಿರಬಹುದು, ನೀರುನಾಯಿಯದೂ ಇರಬಹುದು
ಎಂದ ನನ್ನೊಳಗಿನ ಗುಮಾಸ್ತ.
ಸಾಬೀತು ಮಾಡಲು ಅವಳು ನಿಲ್ಲಲಿಲ್ಲ;
ನೀರು ಏರುತ್ತಿತ್ತು, ಬುಟ್ಟಿ ಅರ್ಧವೇ ತುಂಬಿತ್ತು.

ಬಿಲ್ಲು ಪುಸ್ತಕದ ಬೆನ್ನಿಗೆ, ಪೆನ್ನಿನಲ್ಲೇ, ಬರೆದೆ:
ಏಡಿಗೊರವ. ಒಂದು.
ಬೊಂತೆಲ್ ಇಪ್ಪತ್ತೈದು, ಬೆಳಗಿನ ಇಳಿತ.
ನೋಡಿದವರು: ಚನಿಯಾರು.
ಗಟ್ಟಿಯಾಗಿ ಓದಿ ಹೇಳಿದೆ.
ದೂರದಿಂದ, ಬಾಗಿದ ಬೆನ್ನು ಎತ್ತದೆಯೇ, ಅವಳು:
'ಒಂದು ಕಾಲು ತುಸು ಕುಂಟು ಅದರದು.
ಅದನ್ನೂ ಹಾಕು.'