ಆಳ ಸಿಗುವ ತನಕ

ಬಾಲಾಟನ್ ಸರೋವರದ ತೆಂಕಣ ದಂಡೆ ಒಂದು ದೊಡ್ಡ ಮೋಸ.
ನೋಡಲು ಕಡಲು. ಇಳಿದರೆ ಪಾದ ಮುಳುಗುವಷ್ಟು.
ನೂರು ಹೆಜ್ಜೆ ನಡೆಯಿರಿ, ಮೊಣಕಾಲು.
ಇನ್ನೂರು ನಡೆಯಿರಿ, ಆಗಲೂ ಮೊಣಕಾಲೇ.
ಇಲ್ಲಿ ಮುಳುಗಿ ಸಾಯಬೇಕೆಂದರೂ
ಬುತ್ತಿ ಕಟ್ಟಿಕೊಂಡು ಹೊರಡಬೇಕು, ಎನ್ನುತ್ತಿದ್ದ ಅಪ್ಪ,
ಪ್ರತಿ ವರ್ಷ, ಅದೇ ನಗು ನಕ್ಕು.

ಆ ವರ್ಷ ನನಗೆ ಒಂಬತ್ತು. ಅಕ್ಕ ಬೊರೋಕಾಗೆ ಹದಿನಾರು.
ಬಾಡಿಗೆ ಮನೆಯ ಇನ್ನರ್ಧಕ್ಕೆ ಬಂದಿಳಿದವರು
ಅಮ್ಮನ ಹಳೆಯ ಹಾಸ್ಟೆಲ್ ಗೆಳತಿ, ಅವಳ ಗಂಡ,
ಮತ್ತೆ ಹಿಂದಿನ ಸೀಟಿನಿಂದ
ಒಂದೊಂದೇ ಉದ್ದನೆಯ ಕಾಲು ಹೊರತೆಗೆಯುತ್ತ
ಝಲಾನ್.
"ಇವನಾ?" ಅಂದಳು ಅಕ್ಕ.
"ಇವಳಾ?" ಅಂದ ಅವನು.
"ಅರೆ, ಪರಿಚಯ ಇದೆಯಾ!" ಅಮ್ಮಂದಿರಿಗೆ ಹಿಗ್ಗು.

ಪರಿಚಯವಂತೆ.
ಸೊಲ್ನೋಕ್ ಈಜುಕೊಳದ ನಾಲ್ಕನೇ ಸಾಲಿನಲ್ಲಿ
ಬೆಳಗಿನ ಐದೂವರೆಗೆ, ಎರಡು ವರ್ಷ,
ಒಬ್ಬರ ಕಾಲಿನ ನೊರೆ ಇನ್ನೊಬ್ಬರು ಕುಡಿದಿದ್ದರು.
ತಿಂಗಳಿಗೊಮ್ಮೆ ಕೋಚ್ ಕೊಡುವ ನೀಲಿ ಟೊಪ್ಪಿ ಒಂದೇ.
ಮೇ ತಿಂಗಳು ಅವಳದು. ಜೂನಿನಲ್ಲಿ ಅವನದು,
ಸೆಕೆಂಡಿನ ನೂರು ಪಾಲಿನಲ್ಲಿ ಮೂರು ಪಾಲಿಗೆ.
ಆ ಮೂರು ಪಾಲು ನಮ್ಮ ಊಟದ ಮೇಜಿಗೆ ಬಂದು
ಕರೆಯದ ನೆಂಟನಂತೆ ಕೂತಿತ್ತು.
ಅವನಿಗೆ ನಮ್ಮ ಮನೆಯಲ್ಲಿ ಹೆಸರಿರಲಿಲ್ಲ.
"ಅದು" ಅನ್ನುತ್ತಿದ್ದಳು ಅಕ್ಕ, ಸೂಪು ಕಲಕುತ್ತ.

ಎರಡು ದಿನ ಎಣ್ಣೆ ಸೀಗೆಕಾಯಿ.
ಲಾಂಗೋಶ್ ಅಂಗಡಿಯ ಒಂದೇ ಸಾಲಿನಲ್ಲಿ ನಿಂತು
ಒಬ್ಬರ ಮುಖ ಆ ಕಡೆ, ಒಬ್ಬರದು ಈ ಕಡೆ.
ಬೆಳ್ಳುಳ್ಳಿ ಸವರಿದ ಆ ಕರಿದ ರೊಟ್ಟಿ
ಅವನು ಎರಡು ತಿಂದ. ಇವಳು ಮೂರು.
ರಾತ್ರಿಯೆಲ್ಲ ವಾಂತಿ. ಯಾರಿಗೂ ಹೇಳಬೇಡ ಅಂದಿದ್ದಳು.
ಈಗ ಹೇಳಿದೆ.

ಮೂರನೆಯ ದಿನ, ಒಂದು ತೀರ್ಮಾನ ಆಗಲಿ ಎಂದು
ನನ್ನ ಕೊರಳಿಗೆ ಸ್ಟಾಪ್‌ವಾಚ್ ಹಾಕಿ
ಪಾಪ್ಲರ್ ಮರದಡಿ ನಿಲ್ಲಿಸಿದರು.
"ಆಳ ಸಿಕ್ಕಿದ ಕೂಡಲೇ ಕೈ ಎತ್ತುತ್ತೇವೆ. ಆಗ ಒತ್ತು."

ನಡೆದರು. ನಡುವೆ ಒಂದು ದೋಣಿ ಹಾಯುವಷ್ಟು ಜಾಗ ಬಿಟ್ಟು.
ಮೊಣಕಾಲು.
ಗಾಳಿ ತುಂಬಿದ ಪ್ಲಾಸ್ಟಿಕ್ ಬಾತುಗಳ ಆಚೆ,
ನೀರಲ್ಲೇ ನಿಂತು ಇಸ್ಪೀಟಾಡುವ ಮುದುಕರ ಆಚೆ,
ನಡೆದೇ ನಡೆದರು.
ಈಜುಕೊಳದಲ್ಲಿ ಬಾಯಿ ಇರುವುದು ಉಸಿರಿಗೆ ಮಾತ್ರ.
ಇಲ್ಲಿ, ನೀರು ಸೊಂಟಕ್ಕೆ ಬರುವ ತನಕ,
ಮಾತು ಬಿಟ್ಟರೆ ಮಾಡಲು ಬೇರೆ ಏನಿತ್ತು?
ಏನೇನು ಆಡಿದರೋ. ಎಷ್ಟೋ ವರ್ಷಗಳ ಮೇಲೆ ಅಕ್ಕ
ಇಷ್ಟು ಮಾತ್ರ ಹೇಳಿದಳು:
ಅವಳ ಕೈ ನೀರಿಗೆ ಬೀಳುವ ಸದ್ದು ಹಿಡಿದೇ
ಅವನು ತನ್ನ ಎಣಿಕೆ ಹಾಕುತ್ತಿದ್ದನಂತೆ.
ಅವಳು ಜ್ವರ ಬಂದು ಮಲಗಿದ ವಾರ
ಅವನ ಲೆಕ್ಕವೆಲ್ಲ ತಪ್ಪಿತ್ತಂತೆ.

ಸೊಂಟ. ಎದೆ.
ಇನ್ನೇನು ಎತ್ತುತ್ತಾರೆ ಎಂದು ಗುಂಡಿಯ ಮೇಲೆ ಹೆಬ್ಬೆರಳು.
ಅಷ್ಟರಲ್ಲಿ ಎದುರು ದಡದ ಬೆಟ್ಟಕ್ಕೆ ಮೋಡ ಕವಿಯಿತು.
ಹಾಲುಪಚ್ಚೆ ನೀರು ಗಳಿಗೆಯಲ್ಲಿ ಸೀಸದ ಬಣ್ಣ.
ಬಂದರಿನ ಕಂಬದ ಮೇಲೆ ಹಳದಿ ದೀಪ
ಬಿಡದೆ ಕಣ್ಣು ಮಿಟುಕಿಸತೊಡಗಿತು:
ಬಿರುಗಾಳಿ, ಬಿರುಗಾಳಿ, ಎಲ್ಲರೂ ಮೇಲಕ್ಕೆ.
ಮುದುಕರು ಇಸ್ಪೀಟನ್ನು ಹಲ್ಲಲ್ಲಿ ಕಚ್ಚಿಕೊಂಡು ಓಡಿದರು.

ಆಗ ಎದ್ದಿತು ಕೈ.
ಎರಡಲ್ಲ, ಒಂದು. ಅಂದರೆ ಎರಡು ಕೂಡಿ ಒಂದು,
ಅಲೆಗೆ ಬೀಳದಿರಲೆಂದು ಹಿಡಿದದ್ದೋ ಏನೋ.
ಕೊಟ್ಟ ಮಾತಿಗೆ ತಪ್ಪುವವನಲ್ಲ ನಾನು. ಒತ್ತಿದೆ.

ಅಲೆ ಮೊಣಕಾಲಿಗೆ ಇಳಿದರೂ ಬಿಡಲಿಲ್ಲ.
ಪಾದ ಮುಳುಗುವಷ್ಟು ನೀರಿಗೆ ಬಂದು,
ಟವೆಲ್ ಬೀಸುವ ಅಮ್ಮಂದಿರು ಕಂಡ ಮೇಲೆ ಬಿಟ್ಟರು.
"ಯಾರು ಗೆದ್ದಿದ್ದು?" ಮಳೆಯಲ್ಲಿ ಹಲ್ಲು ಕಟಕಟಿಸುತ್ತ ಕೇಳಿದೆ.
ಅವಳು ಅವನನ್ನು ತೋರಿಸಿದಳು, ಅವನು ಅವಳನ್ನು.
ಮನೆ ಸೇರುವ ತನಕ ಅದಕ್ಕೂ ಜಗಳ.

ಗುಂಡಿಯನ್ನು ಮತ್ತೆ ಒತ್ತುವುದು ಮರೆತಿದ್ದೆ.
ರಾತ್ರಿ ಒದ್ದೆ ಟವೆಲಿನ ಮಡಿಕೆ ಬಿಚ್ಚಿದರೆ
ಅದು ಇನ್ನೂ ಓಡುತ್ತಿತ್ತು:
ಆರು ತಾಸು, ಹನ್ನೊಂದು ನಿಮಿಷ,
ಕಣ್ಣಿಗೆ ಸಿಗದಂತೆ ಹಾರುವ ನೂರರ ಪಾಲುಗಳು.
ಗೋಡೆಯಾಚೆ ಅವನು ಕೆಮ್ಮಿದ.
ಈಚೆ, ನೆಗಡಿಯೇ ಇಲ್ಲದ ಅಕ್ಕ ಕೆಮ್ಮಿದಳು.
ನನಗೆ ನಿದ್ದೆ ಬಂತು.